ಬಿಸಿಲಿಗೆ ಬಿದ್ದ ಫೋಮ್ ಹಿಟ್ಟಾಗುವುದೇಕೆ?

ಹತ್ತಿಯ ಗಾದಿಗೆ ಬಿಸಿಲು ಬೇಕು, ಫೋಮ್‌ಗೆ ಬೇಡ. ಬೆಳಗಾವಿಯ ಮಾಳಿಗೆಗಳ ಮೇಲೆ ಎರಡೂ ಒಂದೇ ಸಾಲಿನಲ್ಲಿ ಒಣಗುತ್ತಿವೆ. ಕೆಡಿಸುವುದು ಬಿಸಿಯಲ್ಲ, ಬೆಳಕು. ಬಿಸಿ ಅದಕ್ಕೆ ಕೈಜೋಡಿಸುತ್ತದೆ ಅಷ್ಟೆ. ಖಾನಾಪುರದ ಕಡೆಗೆ ಹೋದರೆ ಇನ್ನೊಬ್ಬ ವೈರಿ ಕಾದಿದ್ದಾನೆ.

ಮಹಾಲಯ ಪಕ್ಷ ಮುಗಿಯುತ್ತ ಬಂದು ಘಟಸ್ಥಾಪನೆಯ ದಿನ ಸಮೀಪಿಸುತ್ತಿದ್ದಂತೆ ಬೆಳಗಾವಿ ನಗರದ ಮಾಳಿಗೆಗಳ ಚಹರೆಯೇ ಬದಲಾಗುತ್ತದೆ. ನಾಲ್ಕು ತಿಂಗಳ ಮಳೆಯ ತೇವ ಕುಡಿದ ಕೌದಿಗಳು ಶಹಾಪುರ, ವಡಗಾವಿ, ಟಿಳಕವಾಡಿ, ಹಿಂದವಾಡಿಗಳ ಮೋಟುಗೋಡೆಗಳ ಮೇಲೆ ಜೋತುಬೀಳುತ್ತವೆ. ಖಾನಾಪುರದಲ್ಲಿ ಮಲಪ್ರಭೆಯ ದಡದ ಕಲ್ಲುಗಳ ಮೇಲೆ ಹಾಸಿಗೆ ಹೊದಿಕೆ ಒಗೆಯುವ ಸದ್ದು ಬೆಳಗಿನಿಂದಲೇ ಏಳುತ್ತದೆ. ಮನೆಯ ಅರಿವೆಯೆಲ್ಲ ಒಗೆದು, ಒಣಗಿ, ಮಡಿಕೆಯಾದ ಮೇಲೆಯೇ ದೇವರ ಮುಂದೆ ಘಟ ಕೂರುವುದು ಈ ಸೀಮೆಯ ಪದ್ಧತಿ.

ಈ ಸಾಲಿಗೆ ಈಚಿನ ದಶಕಗಳಲ್ಲಿ ಸೇರಿಕೊಂಡ ವಸ್ತುವೆಂದರೆ ಫೋಮ್ ಹಾಸಿಗೆ. ಅದರ ಮೇಲುಚೀಲವನ್ನು ಒಗೆಯಲೆಂದು ಬಿಚ್ಚಿ, ಒಳಗಿನ ನಾಲ್ಕು ಇಂಚಿನ ಬರಿಯ ಫೋಮನ್ನು ಗಾದಿಯ ಪಕ್ಕದಲ್ಲೇ ಮಲಗಿಸಿ, ಗಾದಿಯಂತೆಯೇ ಮಧ್ಯಾಹ್ನ ಮಗುಚಿ ಹಾಕಿ, ಸಂಜೆ ಬಡಿದು ಒಳಗೆ ತರಲಾಗುತ್ತದೆ.

ಮೊದಲ ವರ್ಷ ಏನೂ ಆದಂತೆ ತೋರುವುದಿಲ್ಲ. ಆಮೇಲೆ ಬಿಳಿಯ ಮೈ ಹಳದಿಗೆ ತಿರುಗುತ್ತದೆ, ಹಳದಿ ಕಂದಾಗುತ್ತದೆ, ಕೊನೆಗೊಂದು ದಿನ ಬೆರಳಿನಿಂದ ಒತ್ತಿದರೆ ಮೇಲುಪದರ ಮೇಲೇಳದೆ ಪುಡಿಯಾಗಿ ಬೆರಳಿಗೆ ಅಂಟುತ್ತದೆ. ಸೀಟಿನ ರೆಕ್ಸಿನ್ ಹರಿದ ಸ್ಕೂಟರುಗಳಲ್ಲಿ ಮತ್ತು ಕಿಟಕಿಯ ಪಕ್ಕದ ಬಸ್ ಸೀಟುಗಳಲ್ಲಿ ಇದೇ ಪುಡಿಯನ್ನು ಕಾಣದವರಿಲ್ಲ. ಅದನ್ನು ನೋಡಿದವರು ಸಾಮಾನ್ಯವಾಗಿ ‘ಬಿಸಿಲಿನ ಝಳಕ್ಕೆ ಸುಟ್ಟಿದೆ’ ಎನ್ನುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಉಳಿದರ್ಧವೇ ಹೆಚ್ಚು ಕುತೂಹಲದ್ದು.

ಗುಳ್ಳೆಯಿಂದ ಹುಟ್ಟಿದ ವಸ್ತು

ಮಾರುಕಟ್ಟೆಯಲ್ಲಿ ಬರೀ ಫೋಮ್ ಅಥವಾ ಸ್ಪಂಜು ಎಂದು ಕರೆಸಿಕೊಳ್ಳುವ ಈ ವಸ್ತುವಿನ ಪೂರ್ಣ ಹೆಸರು ಪಾಲಿಯುರಿಥೇನ್ ಫೋಮ್. ಜರ್ಮನಿಯ ಲೆವರ್‌ಕುಸೆನ್‌ನಲ್ಲಿ ರಸಾಯನ ವಿಜ್ಞಾನಿ ಒಟ್ಟೊ ಬಾಯರ್ ಮತ್ತು ಸಂಗಡಿಗರು 1937ರಲ್ಲಿ ಇದರ ಮೂಲ ಕ್ರಿಯೆಯನ್ನು ಕಂಡುಹಿಡಿದರು. ಆರಂಭದ ತುಣುಕುಗಳಲ್ಲಿ ಬೇಡದ ಗುಳ್ಳೆಗಳು ಕಾಣಿಸಿಕೊಂಡಾಗ, ಸ್ವಿಸ್ ಚೀಸಿನ ನಕಲು ಮಾಡಲಿಕ್ಕಷ್ಟೇ ಇದು ಲಾಯಕ್ಕೆಂದು ಪರೀಕ್ಷಿಸಿದವರು ಗೇಲಿ ಮಾಡಿದ್ದರಂತೆ. ದೋಷವೆಂದು ಕಂಡ ಆ ಗುಳ್ಳೆಯೇ ಮುಂದೆ ಇಡೀ ಉದ್ಯಮದ ಬಂಡವಾಳವಾಯಿತು.

ಫೋಮ್ ತಯಾರಿಯಲ್ಲಿ ಮುಖ್ಯವಾಗಿ ಎರಡು ದ್ರವಗಳು ಕೂಡುತ್ತವೆ. ಒಂದು ಐಸೊಸೈನೇಟ್, ಎಂದರೆ ಎರಡೂ ತುದಿಗಳಲ್ಲಿ ಇನ್ನೊಂದು ಅಣುವನ್ನು ಹಿಡಿಯುವ ಸಾಮರ್ಥ್ಯವಿರುವ ಚುರುಕಾದ ರಾಸಾಯನಿಕ. ಮೆತ್ತನೆಯ ಹಾಸಿಗೆಗಳಿಗೆ ಹೆಚ್ಚಾಗಿ ಟಿಡಿಐ ಎಂಬ ಬಗೆಯೂ, ಗಟ್ಟಿ ಫೋಮ್ ಹಾಗೂ ಅಚ್ಚಿನಲ್ಲಿ ಎರೆದ ಹಲವು ಸೀಟುಗಳಿಗೆ ಎಂಡಿಐ ಎಂಬ ಬಗೆಯೂ ಬಳಕೆಯಾಗುತ್ತವೆ. ಇನ್ನೊಂದು ಪಾಲಿಯಾಲ್, ಎಂದರೆ ಉದ್ದನೆಯ, ಬಳುಕುವ ಸರಪಳಿಯಂತಹ ಅಣು. ಇವೆರಡು ಕೂಡಿದಲ್ಲಿ ಉಂಟಾಗುವ ಕೊಂಡಿಗೆ ಯುರಿಥೇನ್ ಬಂಧವೆಂದು ಹೆಸರು.

ಇವುಗಳ ಜತೆಗೆ ಸ್ವಲ್ಪ ನೀರನ್ನೂ ಬೆರೆಸಲಾಗುತ್ತದೆ. ಐಸೊಸೈನೇಟಿನೊಂದಿಗೆ ನೀರು ಸೇರಿದಾಗ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗಿ ಇಡೀ ಮಿಶ್ರಣ ರಾತ್ರಿಯಿಟ್ಟ ಇಡ್ಲಿ ಹಿಟ್ಟಿನಂತೆ ಉಬ್ಬುತ್ತದೆ, ಆದರೆ ಅದಕ್ಕೆ ಬೇಕಾಗುವುದು ಕೆಲವೇ ನಿಮಿಷ. ಉಬ್ಬಿ ಗಟ್ಟಿಯಾದ ದಿಮ್ಮಿಯ ಒಡಲಿನಲ್ಲಿ ಹುಟ್ಟುವ ಬಿಸಿ 150 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಆದ್ದರಿಂದಲೇ ಹೊಸ ದಿಮ್ಮಿಗಳನ್ನು ಒಂದಕ್ಕೊಂದು ತಾಗದಂತೆ ದೂರ ದೂರ ಇಟ್ಟು ತಣಿಸುತ್ತಾರೆ. ಲೆಕ್ಕ ತಪ್ಪಿದರೆ ನಡುಭಾಗ ಒಳಗೇ ಕಂದಾಗುತ್ತದೆ, ತೀರ ತಪ್ಪಿದರೆ ಕಾರ್ಖಾನೆಗೇ ಬೆಂಕಿ ಬೀಳುತ್ತದೆ.

ಮೆತ್ತನೆಯ ಫೋಮ್‌ನಲ್ಲಿ ವಸ್ತು ಎಂಬುದು ಬಹಳ ಕಡಿಮೆ. ಗಟ್ಟಿ ಪಾಲಿಯುರಿಥೇನ್ ಒಂದು ಘನ ಮೀಟರಿಗೆ ಸಾವಿರ ಕಿಲೋಗಿಂತ ಹೆಚ್ಚು ತೂಗಿದರೆ, ಹಾಸಿಗೆಯ ಫೋಮ್ ಅಷ್ಟೇ ಜಾಗದಲ್ಲಿ ಸುಮಾರು 30 ಕಿಲೋ ತೂಗುತ್ತದೆ. ಎಂದರೆ ಕೊಂಡವರು ತಂದದ್ದರಲ್ಲಿ ನೂರಕ್ಕೆ 97 ಭಾಗ ಗಾಳಿಯೇ. ಉಳಿದ ಮೂರು ಭಾಗ ಕೂದಲೆಳೆಯಷ್ಟು ತೆಳುವಾದ ಕಡ್ಡಿಗಳ ಜಾಲವಾಗಿ ಹರಡಿರುತ್ತದೆ. ಗಾಳಿಯಲ್ಲಿನ ಆಮ್ಲಜನಕಕ್ಕೆ ಮೈತುಂಬ ದಾರಿ ಬಿಟ್ಟುಕೊಂಡ ರಚನೆಯಿದು. ಅದೇ ರಸಾಯನದ ಗಟ್ಟಿ ತುಂಡೊಂದು ಬಿಸಿಲಿನಲ್ಲಿ ಬಹಳ ಕಾಲ ಬಾಳಿದರೂ ಫೋಮ್ ಬೇಗ ಸೋಲುವುದಕ್ಕೆ ಇದು ಮೊದಲ ಕಾರಣ.

ಬೆಳಕು ಮಾಡುವ ಕೆಲಸ

ನೆಲವನ್ನು ತಲುಪುವ ಸೂರ್ಯನ ಶಕ್ತಿಯಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳ ಪಾಲು ನೂರಕ್ಕೆ ಐದಾರು ಮಾತ್ರ. ಸುಮಾರು 290ರಿಂದ 400 ನ್ಯಾನೋಮೀಟರ್ ತರಂಗಾಂತರದ ಈ ಕಿರಣಗಳು ಪಾಲಿನಲ್ಲಿ ಕಡಿಮೆಯಾದರೂ ಪೆಟ್ಟಿನಲ್ಲಿ ಬಲವಾದವು. 300 ನ್ಯಾನೋಮೀಟರಿನ ಬೆಳಕಿನ ಒಂದು ಮೋಲ್ ಕಣಗಳಲ್ಲಿ ಸುಮಾರು 400 ಕಿಲೋಜೌಲ್ ಶಕ್ತಿಯಿರುತ್ತದೆ. ಎರಡು ಇಂಗಾಲದ ಪರಮಾಣುಗಳ ನಡುವಿನ ಸಾಮಾನ್ಯ ಬಂಧವನ್ನು ಮುರಿಯಲು ಅಷ್ಟೇ ಸಂಖ್ಯೆಯ ಬಂಧಗಳಿಗೆ ಸುಮಾರು 350, ಇಂಗಾಲ ಮತ್ತು ಸಾರಜನಕದ ನಡುವಿನ ಬಂಧಕ್ಕೆ ಸುಮಾರು 300 ಕಿಲೋಜೌಲ್ ಸಾಕು.

ಆದರೆ ಶಕ್ತಿಯಿದ್ದ ಮಾತ್ರಕ್ಕೆ ಬಂಧ ಮುರಿಯುವುದಿಲ್ಲ, ಆ ಬೆಳಕನ್ನು ವಸ್ತು ಹೀರಿಕೊಳ್ಳಬೇಕು. ಇಲ್ಲಿ ಫೋಮ್ ತನ್ನ ಕೇಡನ್ನು ತಾನೇ ಒಳಗೆ ಹೊತ್ತಿದೆ. ಟಿಡಿಐ ಮತ್ತು ಎಂಡಿಐ ಎರಡರಲ್ಲೂ ಬೆಂಜೀನ್ ಉಂಗುರಗಳಿವೆ. ಆರು ಇಂಗಾಲಗಳ ಈ ಉಂಗುರ ಯುರಿಥೇನ್ ಬಂಧದ ಪಕ್ಕದಲ್ಲಿ ಕುಳಿತಾಗ ನೇರಳಾತೀತ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹೀರಿದ ಶಕ್ತಿಯ ಒತ್ತಡಕ್ಕೆ ಪಕ್ಕದ ಯುರಿಥೇನ್ ಬಂಧ ಕಡಿದು, ಕಡಿದ ತುಣುಕು ಉಂಗುರದ ಇನ್ನೊಂದು ಮೂಲೆಗೆ ಹೋಗಿ ಅಂಟಿಕೊಳ್ಳುವುದುಂಟು. ಫೋಟೊ-ಫ್ರೀಸ್ ಮರುಜೋಡಣೆಯೆಂದು ರಸಾಯನ ಶಾಸ್ತ್ರದಲ್ಲಿ ಹೆಸರಾದ ಈ ಕ್ರಿಯೆಗೆ ತರಂಗಾಂತರ ಸುಮಾರು 340 ನ್ಯಾನೋಮೀಟರಿಗಿಂತ ಕಡಿಮೆಯಿರುವ ಕಿರಣಗಳು ಮುಖ್ಯ ಕಾರಣ.

ಅದಕ್ಕಿಂತ ಉದ್ದನೆಯ ತರಂಗಾಂತರದ ಕಿರಣಗಳು ಇನ್ನೊಂದು ದಾರಿ ಹಿಡಿಯುತ್ತವೆ. ಎಂಡಿಐಯ ಎರಡು ಉಂಗುರಗಳ ನಡುವೆ ಸೇತುವೆಯಾಗಿರುವ ಇಂಗಾಲದಿಂದ ಹೈಡ್ರೋಜನ್ ಕಳಚಿ, ಅಲ್ಲಿ ಆಮ್ಲಜನಕ ಸೇರಿ, ಕ್ವಿನೋನ್-ಇಮೈಡ್ ಎಂಬ ಬಣ್ಣದ ರಚನೆ ಹುಟ್ಟುತ್ತದೆ. ಎಂಡಿಐ ಬಳಸಿದ ಫೋಮ್ ಹಳದಿಯಾಗುವುದರಲ್ಲಿ ಇದರ ಕೈ ದೊಡ್ಡದು. ಮನೆಯ ಕಿಟಕಿಯ ಗಾಜು ಸುಮಾರು 320 ನ್ಯಾನೋಮೀಟರಿಗಿಂತ ಕಡಿಮೆಯ ಕಿರಣಗಳನ್ನು ತಡೆದರೂ ಇವನ್ನು ಒಳಗೆ ಬಿಡುತ್ತದೆಯಾದ್ದರಿಂದ, ಗಾಜಿನೊಳಗಿದೆ ಎಂದು ನಂಬಿ ಕಿಟಕಿಯ ಪಕ್ಕ ಬಿಟ್ಟ ಬರಿಯ ಕುಶನ್ ಕೂಡ ನಿಧಾನವಾಗಿ ಬಣ್ಣಗೆಡುತ್ತದೆ.

ಬಣ್ಣಗೆಟ್ಟ ಫೋಮ್ ಇನ್ನೂ ಮಲಗಲು ಯೋಗ್ಯವೇ ಆಗಿರಬಹುದು. ಅದನ್ನು ಹಿಟ್ಟಾಗಿಸುವ ಕೆಲಸ ನಡೆಯುವುದು ಇನ್ನೊಂದು ಕಡೆ, ಮೆತ್ತನೆಯ ಗುಣ ಕೊಡುವ ಪಾಲಿಯಾಲ್ ಸರಪಳಿಯಲ್ಲಿ.

ಹಾಸಿಗೆಯ ಫೋಮ್‌ನಲ್ಲಿರುವುದು ಹೆಚ್ಚಾಗಿ ಪಾಲಿಈಥರ್ ಜಾತಿಯ ಪಾಲಿಯಾಲ್. ಈ ಸರಪಳಿಯಲ್ಲಿ ಕೆಲವು ಇಂಗಾಲಗಳಿಗೊಮ್ಮೆ ಒಂದು ಆಮ್ಲಜನಕದ ಪರಮಾಣು ಬರುತ್ತದೆ, ಅದರ ನೆರೆಯ ಇಂಗಾಲಕ್ಕೆ ಅಂಟಿದ ಹೈಡ್ರೋಜನ್ನಿನ ಹಿಡಿತ ಸಡಿಲವಾಗಿರುತ್ತದೆ. ಬೆಳಕಿನ ಪೆಟ್ಟಿನಿಂದ ಎಲ್ಲೋ ಒಂದು ಕಡೆ ಹುಟ್ಟಿದ ಮುಕ್ತ ರ‍್ಯಾಡಿಕಲ್, ಎಂದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತ ಅತೃಪ್ತ ಅಣುತುಣುಕು, ಆ ಸಡಿಲ ಹೈಡ್ರೋಜನ್ನನ್ನು ಕಿತ್ತುಕೊಳ್ಳುತ್ತದೆ. ಹೈಡ್ರೋಜನ್ ಕಳೆದುಕೊಂಡ ಇಂಗಾಲಕ್ಕೆ ಗಾಳಿಯ ಆಮ್ಲಜನಕ ಬಂದು ಕೂಡುತ್ತದೆ, ಅದು ಮತ್ತೊಂದು ಸರಪಳಿಯ ಹೈಡ್ರೋಜನ್ನಿಗೆ ಕೈ ಹಾಕುತ್ತದೆ, ಹೈಡ್ರೊಪೆರಾಕ್ಸೈಡ್ ಎಂಬ ಅಸ್ಥಿರ ಸಂಯುಕ್ತ ಉಳಿಯುತ್ತದೆ. ಹೈಡ್ರೊಪೆರಾಕ್ಸೈಡ್ ಒಡೆದಾಗ ಒಂದರ ಬದಲು ಎರಡು ರ‍್ಯಾಡಿಕಲ್‌ಗಳು ಹೊರಬೀಳುತ್ತವೆ. ಹೀಗೆ ಒಂದು ಪೆಟ್ಟು ಎರಡಾಗಿ, ಎರಡು ನಾಲ್ಕಾಗಿ, ಪ್ರತಿ ಸುತ್ತಿನಲ್ಲೂ ಕೆಲವು ಸರಪಳಿಗಳು ನಡುವೆ ತುಂಡಾಗುತ್ತ ಹೋಗುತ್ತವೆ.

ಉದ್ದನೆಯ ಸರಪಳಿ ಮೋಟಾದಾಗ ಬಳುಕು ಹೋಗುತ್ತದೆ. ಒತ್ತಿದರೆ ಬಗ್ಗಬೇಕಾದ ಕಡ್ಡಿ ಮುರಿಯುತ್ತದೆ, ಸಾವಿರಾರು ಕಡ್ಡಿಗಳು ಮುರಿದದ್ದೇ ಬೆರಳಿಗಂಟುವ ಪುಡಿ.

ಹಾಗಾದರೆ ಬಿಸಿಯ ಪಾಲೆಷ್ಟು?

ಬಿಸಿಯೊಂದರಿಂದಲೇ ಯುರಿಥೇನ್ ಬಂಧ ಬಿಚ್ಚಿಕೊಳ್ಳಬೇಕಾದರೆ ಸುಮಾರು 200 ಡಿಗ್ರಿಯ ಆಸುಪಾಸಿನ ಉಷ್ಣತೆ ಬೇಕು. ಅದಕ್ಕಿಂತ ದುರ್ಬಲವಾದ ಕೆಲವು ಅಡ್ಡಕೊಂಡಿಗಳು ನೂರು ಡಿಗ್ರಿ ದಾಟಿದ ಮೇಲೆ ಸಡಿಲಗೊಳ್ಳುತ್ತವೆ. ಬೆಳಗಾವಿಯ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಉದ್ಯಮಬಾಗದ ಶೆಡ್ಡಿನ ತಗಡು ಮುಟ್ಟಲಾಗದಷ್ಟು ಕಾದರೂ 60 ಅಥವಾ 70 ಡಿಗ್ರಿಯ ಮಾತು, ಮುಚ್ಚಿ ನಿಲ್ಲಿಸಿದ ಕಾರಿನ ಒಳಗೂ ಅಷ್ಟೇ. ಆ ಬಿಸಿಯೊಂದರಿಂದಲೇ ಫೋಮ್ ಸುಟ್ಟಿತೆಂಬ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ.

ಇದಕ್ಕೆ ಸಾಕ್ಷಿ ಅದೇ ಮಾಳಿಗೆಯ ಮೇಲೆ ನಿಂತಿದೆ. ಸೌರ ನೀರು ಕಾಯಿಸುವ ಸಾಧನದ ಟ್ಯಾಂಕಿನಲ್ಲಿ ಒಳಗಿನ ಹಂಡೆಗೂ ಹೊರಗಿನ ಹೊದಿಕೆಗೂ ನಡುವೆ ತುಂಬಿರುವುದು ಗಟ್ಟಿ ಜಾತಿಯ ಪಾಲಿಯುರಿಥೇನ್ ಫೋಮ್, ವ್ಯಾಪಾರದ ಮಾತಿನಲ್ಲಿ ಪಫ್. ವರ್ಷಗಟ್ಟಲೆ 60 ಡಿಗ್ರಿಯ ನೀರಿಗೆ ಬೆನ್ನು ಕೊಟ್ಟು ಕುಳಿತರೂ ಅದು ಹಾಳಾಗುವುದು ಅಪರೂಪ, ಏಕೆಂದರೆ ಅಲ್ಲಿ ಬೆಳಕಿಲ್ಲ, ಹೊಸ ಗಾಳಿಯ ಸುಳಿದಾಟವೂ ಇಲ್ಲ. ಹೊರಗಿನ ತಗಡು ತುಕ್ಕು ಹಿಡಿದು ತೂತಾದ ಜಾಗದಲ್ಲಿ ಮಾತ್ರ ಅದೇ ಫೋಮ್ ಕಿತ್ತಳೆ ಕಂದಿಗೆ ತಿರುಗಿ ಉದುರುತ್ತದೆ. ಬಿಸಿ ಎರಡೂ ಕಡೆ ಇದೆ. ಬೆಳಕು ಒಂದೇ ಕಡೆ ಇದೆ.

ಆದರೂ ಬಿಸಿ ನಿರಪರಾಧಿಯಲ್ಲ. ಇಂತಹ ರಾಸಾಯನಿಕ ಕ್ರಿಯೆಗಳ ವೇಗ ಪ್ರತಿ 10 ಡಿಗ್ರಿಗೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆಂಬ ಸ್ಥೂಲ ನಿಯಮವನ್ನು ಒಪ್ಪಿದರೆ, 30 ಡಿಗ್ರಿಯ ನೆರಳಿಗಿಂತ 60 ಡಿಗ್ರಿಯ ಮೈಯಲ್ಲಿ ಉತ್ಕರ್ಷಣ, ಎಂದರೆ ಆಮ್ಲಜನಕ ಸೇರಿ ಕೆಡುವ ಕ್ರಿಯೆ, ಎಂಟು ಪಟ್ಟು ಬಿರುಸಾಗುತ್ತದೆ. ಬೆಳಕು ಹುಟ್ಟಿಸಿಟ್ಟ ಹೈಡ್ರೊಪೆರಾಕ್ಸೈಡ್‌ಗಳನ್ನು ಒಡೆಯುವ ಕೆಲಸದಲ್ಲಿ ಬಿಸಿಗೆ ವಿಶೇಷ ಉತ್ಸಾಹ. ಹೀಗಾಗಿ ಬೆಳಕು ಮತ್ತು ಬಿಸಿ ಜತೆಗೂಡಿ ಮಾಡುವ ಹಾನಿ ಎರಡರ ಬಿಡಿಬಿಡಿ ಹಾನಿಗಳ ಮೊತ್ತಕ್ಕಿಂತ ದೊಡ್ಡದಾಗಿರುತ್ತದೆ. ಹಾಸಿಗೆಯ ನಡುವೆ ಗುಂಡಿ ಬೀಳುವುದನ್ನೂ ಬಿಸಿ ಬೇಗ ತರುತ್ತದೆ, ಆದರೆ ಅಲ್ಲಿ ಮುರಿಯುವುದಕ್ಕಿಂತ ಹೆಚ್ಚಾಗಿ ಅಣುಗಳ ನಡುವಿನ ದುರ್ಬಲ ಆಕರ್ಷಣೆಗಳು ಜಾರಿ ಹೊಸ ಜಾಗದಲ್ಲಿ ನೆಲೆಯಾಗುತ್ತವೆ.

ತಂಪು ಊರೆಂಬ ಬೆಳಗಾವಿಯ ಹೆಸರು ಈ ವಿಷಯದಲ್ಲಿ ಮೋಸ ಮಾಡುತ್ತದೆ. ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ಈ ಊರಿನ ಗಾಳಿ ಹಿತವಾಗಿದ್ದರೂ, ಎತ್ತರ ಹೆಚ್ಚಿದಂತೆ ನೇರಳಾತೀತ ಕಿರಣಗಳು ಹೆಚ್ಚುತ್ತವೆ, ಪ್ರತಿ ಸಾವಿರ ಮೀಟರಿಗೆ ನೂರಕ್ಕೆ ಸುಮಾರು ಹತ್ತರಷ್ಟು. ಮೇ ತಿಂಗಳ ಮೊದಲ ವಾರದಲ್ಲಿ ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಆಗಸ್ಟ್ ಎರಡನೇ ವಾರದ ಹೊತ್ತಿಗೆ ಮತ್ತೊಮ್ಮೆ ನೆತ್ತಿಗೆ ಬರುತ್ತಾನೆ, ಆಗ ಮೋಡ ಅಡ್ಡವಿರುತ್ತದೆ. ಗಾಳಿ ತಂಪಾಗಿದೆ, ಆದ್ದರಿಂದ ಬಿಸಿಲು ಎಳೆಯದು ಎಂಬ ಚರ್ಮದ ಅಂದಾಜು ಫೋಮ್‌ಗೆ ಅನ್ವಯಿಸುವುದಿಲ್ಲ.

ಬಾಕ್ಸ್: ಬಣ್ಣ ಬಳಿಯದೆ ಆಕಾಶಕ್ಕೇರಿದ ಫೋಮ್

ಅಮೆರಿಕದ ಬಾಹ್ಯಾಕಾಶ ನೌಕೆಗಳಿಗೆ ಜೋಡಿಸುತ್ತಿದ್ದ ಬೃಹತ್ ಇಂಧನ ಟ್ಯಾಂಕಿನ ಮೈಗೆ ಪಾಲಿಯುರಿಥೇನ್ ಮತ್ತು ಅದರ ಹತ್ತಿರದ ಜಾತಿಯ ಫೋಮನ್ನು ಸಿಂಪಡಿಸಲಾಗುತ್ತಿತ್ತು. 1981ರ ಮೊದಲ ಎರಡು ಹಾರಾಟಗಳಲ್ಲಿ ಆ ಟ್ಯಾಂಕಿಗೆ ಬಿಳಿ ಬಣ್ಣ ಬಳಿದಿದ್ದರು. ಉಡಾವಣೆಗೆ ಮುಂಚಿನ ಅವಧಿಯ ಬಿಸಿಲನ್ನು ಫೋಮ್ ಬಣ್ಣವಿಲ್ಲದೆಯೂ ತಾಳಬಲ್ಲದೆಂದು ಖಚಿತವಾದ ಮೇಲೆ 1982ರ ಮೂರನೇ ಹಾರಾಟದಿಂದ ಬಣ್ಣವನ್ನು ಕೈಬಿಟ್ಟು ಸುಮಾರು 270 ಕಿಲೋ ಭಾರ ಉಳಿಸಿದರು. ಚಿತ್ರಗಳಲ್ಲಿ ಎಲ್ಲರೂ ಕಂಡಿರುವ ಆ ಕಿತ್ತಳೆ ಬಣ್ಣ ಯಾರೂ ಬಳಿದದ್ದಲ್ಲ. ತಿಳಿ ಹಳದಿಯ ಫೋಮ್ ಬಿಸಿಲಿಗೆ ಮಾಗಿ ಬಂದದ್ದು. ಕೆಲವೇ ತಿಂಗಳು ಬಾಳಿದರೆ ಸಾಕಾದ ಟ್ಯಾಂಕಿಗೆ ಆ ಜಾಣತನ ಸರಿ, ಹತ್ತು ವರ್ಷ ಬಾಳಬೇಕಾದ ಹಾಸಿಗೆಗೆ ಅಲ್ಲ.

ಖಾನಾಪುರದ ತೇವ

ಬೆಳಗಾವಿಯಿಂದ ದಕ್ಷಿಣಕ್ಕೆ ಖಾನಾಪುರದ ದಾರಿ ಹಿಡಿದರೆ ಕಥೆ ಬದಲಾಗುತ್ತದೆ. ನಗರಕ್ಕಿಂತ ಖಾನಾಪುರದಲ್ಲಿ, ಖಾನಾಪುರಕ್ಕಿಂತ ಜಾಂಬೋಟಿಯಲ್ಲಿ, ಜಾಂಬೋಟಿಗಿಂತ ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಮಳೆ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಹ್ಯಾದ್ರಿಯ ಈ ಸೆರಗಿನಲ್ಲಿ ಬಟ್ಟೆ ಒಣಗುವುದೇ ಕಷ್ಟ, ಗೋಡೆಗೆ ಒರಗಿಸಿಟ್ಟದ್ದಕ್ಕೆಲ್ಲ ಬೂಷ್ಟು ಹಿಡಿಯುತ್ತದೆ. ಹಂಚಿನ ಮನೆಯ ಒಳಗೆ ನೇರ ಬೆಳಕು ಕಡಿಮೆ, ಬಿಸಿಯೂ ಕಡಿಮೆ, ಆದರೆ ಕಪಾಟಿನಲ್ಲಿ ಕಟ್ಟಿಟ್ಟ ಬೂಟಿನ ಅಟ್ಟೆ ಮಳೆಗಾಲ ಕಳೆದು ಹೊರತೆಗೆದಾಗ ಹೆಜ್ಜೆಗೊಂದು ಚೂರಾಗಿ ಉದುರುವುದುಂಟು.

ಇಲ್ಲಿ ತಪ್ಪಿತಸ್ಥ ನೀರು. ಪಾಲಿಯಾಲ್‌ಗಳಲ್ಲಿ ಇನ್ನೊಂದು ಜಾತಿಯಾದ ಪಾಲಿಎಸ್ಟರ್ ಬಳಸಿ ಮಾಡಿದ ಫೋಮ್ ಸವೆತಕ್ಕೂ ಎಣ್ಣೆಗೂ ಚೆನ್ನಾಗಿ ತಾಳುತ್ತದೆಂಬ ಕಾರಣಕ್ಕೆ ಅನೇಕ ಪಾದರಕ್ಷೆಗಳ ಅಟ್ಟೆಗಳಲ್ಲಿ, ಹಳೆಯ ಧ್ವನಿವರ್ಧಕಗಳ ಅಂಚುಗಳಲ್ಲಿ, ಯಂತ್ರಗಳ ಸದ್ದಡಗಿಸುವ ಪದರಗಳಲ್ಲಿ ಅದಕ್ಕೆ ಜಾಗ ಸಿಕ್ಕಿದೆ. ಬೆಳಕಿನ ಉತ್ಕರ್ಷಣೆಯನ್ನು ಪಾಲಿಈಥರ್‌ಗಿಂತ ಅದು ಹೆಚ್ಚು ಎದುರಿಸಬಲ್ಲದು, ಆದರೆ ಅದರ ಎಸ್ಟರ್ ಬಂಧವನ್ನು ಗಾಳಿಯಲ್ಲಿನ ತೇವವೇ ಬಿಡಿಸುತ್ತದೆ. ಜಲವಿಚ್ಛೇದನೆಯೆಂದು ಕರೆಯಲಾಗುವ ಈ ಕ್ರಿಯೆಯಲ್ಲಿ ಬಂಧ ಬಿಟ್ಟ ಜಾಗದಲ್ಲಿ ಒಂದು ಆಮ್ಲ ಉಳಿಯುತ್ತದೆ, ಆ ಆಮ್ಲವೇ ಮುಂದಿನ ಬಂಧ ಬಿಡಿಸಲು ನೀರಿಗೆ ನೆರವಾಗುತ್ತದೆ. ಆದ್ದರಿಂದ ಕೇಡು ವರ್ಷಗಟ್ಟಲೆ ಕಾಣದಂತಿದ್ದು ಕೊನೆಯಲ್ಲಿ ಇದ್ದಕ್ಕಿದ್ದಂತೆ ಬಯಲಾಗುತ್ತದೆ. ಬೆಚ್ಚನೆಯ ತೇವವಾದರೆ ಇನ್ನೂ ಬೇಗ.

ಈ ರಸಾಯನವನ್ನು ಹಗುರವಾಗಿ ನೋಡಿದ್ದಕ್ಕೆ ದೊಡ್ಡ ಬೆಲೆ ತೆತ್ತ ಪ್ರಸಂಗ ಜಗತ್ತಿನ ಕಣ್ಣೆದುರಿಗಿದೆ. ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ನೆರವಾಗುವ ಯಂತ್ರಗಳನ್ನೂ ಕೆಲವು ವೆಂಟಿಲೇಟರ್‌ಗಳನ್ನೂ ಫಿಲಿಪ್ಸ್ ಕಂಪನಿ 2021ರ ಜೂನ್‌ನಲ್ಲಿ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಹಿಂದಕ್ಕೆ ಕರೆಸಿಕೊಂಡಿತು. ಅವುಗಳೊಳಗೆ ಸದ್ದು ತಗ್ಗಿಸಲು ಇಟ್ಟಿದ್ದ ಪಾಲಿಎಸ್ಟರ್ ಜಾತಿಯ ಪಾಲಿಯುರಿಥೇನ್ ಫೋಮ್ ಚೂರಾಗಿ ಉಸಿರಿನ ಗಾಳಿಗೆ ಸೇರುವ ಅಪಾಯವೇ ಅದಕ್ಕೆ ಕಾರಣ. ಹೆಚ್ಚಿನ ಬಿಸಿ, ಹೆಚ್ಚಿನ ತೇವ ಮತ್ತು ಒಪ್ಪಿಗೆಯಿಲ್ಲದ ಓಜೋನ್ ಶುದ್ಧೀಕರಣ ಈ ಕ್ಷಯವನ್ನು ಬಿರುಸುಗೊಳಿಸಬಹುದೆಂದು ಆಗ ತಿಳಿಸಲಾಯಿತು.

ಹೀಗೆ ಒಂದೇ ತಾಲ್ಲೂಕಿನ ದೂರದಲ್ಲಿ ಎರಡು ಬೇರೆ ಬೇರೆ ಕೇಡುಗಳಿವೆ. ಬೆಳಗಾವಿಯ ಮಾಳಿಗೆಯ ಮೇಲೆ ಪಾಲಿಈಥರ್ ಸೋಲುತ್ತದೆ, ಕಣಕುಂಬಿಯ ಕಪಾಟಿನಲ್ಲಿ ಪಾಲಿಎಸ್ಟರ್ ಸೋಲುತ್ತದೆ. ಯಾವ ಫೋಮ್ ಒಳ್ಳೆಯದು ಎಂಬ ಪ್ರಶ್ನೆಗೆ ಊರಿನ ಹೆಸರು ಕೇಳದೆ ಉತ್ತರ ಹೇಳಲಾಗುವುದಿಲ್ಲ.

  

ಅಂಗಡಿಯಲ್ಲೇ ಹಳದಿಯಾದದ್ದು

ಬಿಸಿಲು ಕಾಣದೆಯೇ, ಅಂಗಡಿಯ ಒಳಗಿನ ಅಟ್ಟದ ಮೇಲೆಯೇ ಹಳದಿಯಾದ ಫೋಮನ್ನು ಕಂಡು ಹಳೆಯ ಮಾಲೆಂದು ಗಿರಾಕಿಗಳು ಜಗಳಕ್ಕಿಳಿಯುವುದುಂಟು. ಆ ಹಳದಿಯ ಮೂಲ ಬೇರೆ. ಪಾಲಿಯಾಲ್ ಕೆಡದಿರಲೆಂದು ಅದರಲ್ಲಿ ಬೆರೆಸುವ ಬಿಎಚ್‌ಟಿ ಮುಂತಾದ ಉತ್ಕರ್ಷಣ ನಿರೋಧಕಗಳು, ವಾಹನಗಳ ಹೊಗೆಯಲ್ಲೂ ಗ್ಯಾಸ್ ಒಲೆಯ ಉರಿಯಲ್ಲೂ ಹುಟ್ಟುವ ಸಾರಜನಕದ ಆಕ್ಸೈಡ್‌ಗಳ ಜತೆ ವರ್ತಿಸಿ ಬಣ್ಣದ ಸಂಯುಕ್ತಗಳಾಗುತ್ತವೆ. ಬೆಂಜೀನ್ ಉಂಗುರಗಳ ಮೇಲೂ ಆ ಅನಿಲಗಳ ಕೈವಾಡ ನಡೆಯುತ್ತದೆ. ಖಡೇಬಜಾರಿನಂತಹ ದಟ್ಟಣೆಯ ಬೀದಿಗೆ ಬಾಯಿ ತೆರೆದ ಅಂಗಡಿಯಲ್ಲಿ ಇದು ಸಹಜ.

ಈ ಹಳದಿಯಿಂದ ತಾಳಿಕೆಗೆ ಹೇಳಿಕೊಳ್ಳುವಂತಹ ನಷ್ಟವಿಲ್ಲ. ಪರೀಕ್ಷೆ ಸುಲಭ: ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಬಿಟ್ಟಾಗ ಥಟ್ಟನೆ ಮೇಲೆದ್ದು, ಕೈಗೆ ಪುಡಿ ಹತ್ತದಿದ್ದರೆ ಬಣ್ಣವನ್ನು ಕ್ಷಮಿಸಬಹುದು. ಪುಡಿ ಹತ್ತಿದರೆ ಬೆಲೆ ಎಷ್ಟೇ ಇಳಿಸಿದರೂ ಕೊಳ್ಳಬಾರದು.

ಬಾಕ್ಸ್: ತಕ್ಕಡಿ ಹೇಳುವ ಸತ್ಯ

ಆರು ಅಡಿ ಉದ್ದ, ಮೂರು ಅಡಿ ಅಗಲ, ನಾಲ್ಕು ಇಂಚು ದಪ್ಪದ ಫೋಮ್ ಹಾಸಿಗೆಯ ಗಾತ್ರ ಸುಮಾರು 0.17 ಘನ ಮೀಟರ್. ಸಾಂದ್ರತೆ, ಎಂದರೆ ಒಂದು ಘನ ಮೀಟರಿನ ತೂಕ, 32 ಕಿಲೋ ಎಂದು ಹೇಳಿ ಮಾರಿದರೆ ಅದು ಸುಮಾರು 5.4 ಕಿಲೋ ತೂಗಬೇಕು, 3.4 ಕಿಲೋ ತೂಗಿದರೆ ಅದರ ಸಾಂದ್ರತೆ 20 ಮಾತ್ರ. ತೂಕ ಹೆಚ್ಚಿಸಲು ಸುಣ್ಣಕಲ್ಲಿನ ಪುಡಿ ಬೆರೆಸುವುದೂ ಇರುವುದರಿಂದ ತಕ್ಕಡಿಯೊಂದೇ ಕೊನೆಯ ಮಾತಲ್ಲ. ಸಾಂದ್ರತೆ ಹೆಚ್ಚಿದ್ದರೆ ಗುಂಡಿ ತಡವಾಗಿ ಬೀಳುತ್ತದೆ, ಆದರೆ ಬಿಸಿಲಿನ ರಸಾಯನದಿಂದ ಅದು ವಿನಾಯಿತಿ ಕೊಡಿಸುವುದಿಲ್ಲ.

ಹಿಂಜಿದರೆ ಹೊಸದಾಗುವ ಹತ್ತಿ

ಗಾದಿಯನ್ನು ಬಿಸಿಲಿಗೆ ಹಾಕುವ ರೂಢಿಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುವಂತಿಲ್ಲ. ಹತ್ತಿ ತೇವ ಹೀರಿ ಗಂಟು ಕಟ್ಟುತ್ತದೆ, ಬಿಸಿಲು ಆ ತೇವ ತೆಗೆದು ಎಳೆಗಳನ್ನು ಬಿಡಿಸುತ್ತದೆ, ತಿಗಣೆಗೂ ಬೂಷ್ಟಿಗೂ ಬಿಸಿಲು ಒಗ್ಗುವುದಿಲ್ಲ. ಸೆಲ್ಯುಲೋಸ್ ಎಂಬ ವಸ್ತುವಿನಿಂದಾದ ಹತ್ತಿಯ ಎಳೆಯೂ ಬಿಸಿಲಿಗೆ ಸವೆಯುತ್ತದೆ, ಆದರೆ ನಿಧಾನವಾಗಿ ಸವೆಯುತ್ತದೆ. ಅದರ ಮೇಲೆ ದಪ್ಪ ಖೋಳು ಹೊಲಿದಿರುವುದರಿಂದ ಬೆಳಕು ಒಳಗಿಳಿಯುವುದೂ ಇಲ್ಲ.

ಹತ್ತಿಗೆ ಇನ್ನೊಂದು ಭಾಗ್ಯವೂ ಇತ್ತು. ಗಟ್ಟಿಯಾದ ಗಾದಿಯನ್ನು ಬಿಚ್ಚಿ, ಪಿಂಜಾರರ ಬಿಲ್ಲಿನ ತಂತಿಗೆ ಕೊಟ್ಟರೆ ಹತ್ತಿ ಮತ್ತೆ ಹೂವಾಗಿ ಹೊರಬರುತ್ತಿತ್ತು. ನದಾಫರೆಂದೂ ಕರೆಸಿಕೊಳ್ಳುವ ಈ ಕಸುಬುದಾರರು ಉತ್ತರ ಕರ್ನಾಟಕದ ಗಲ್ಲಿಗಲ್ಲಿಗಳಲ್ಲಿ ತಂತಿ ಮೀಟುತ್ತ ಬರುತ್ತಿದ್ದ ಕಾಲದಲ್ಲಿ ಒಂದೇ ಹತ್ತಿ ತಲೆಮಾರು ದಾಟುತ್ತಿತ್ತು. ಹತ್ತಿಯಲ್ಲಿ ಕೆಡುತ್ತಿದ್ದದ್ದು ಎಳೆಗಳ ಜೋಡಣೆ, ಅದನ್ನು ಕೈಕೆಲಸ ಸರಿಪಡಿಸುತ್ತಿತ್ತು. ಫೋಮ್‌ನಲ್ಲಿ ಕೆಡುವುದು ಅಣುವೇ ಆದ್ದರಿಂದ ತುಂಡಾದ ಸರಪಳಿಯನ್ನು ಮತ್ತೆ ಬೆಸೆಯುವ ಬಿಲ್ಲು ಯಾವ ಕುಶನ್ ಕೆಲಸದವರ ಬಳಿಯೂ ಇಲ್ಲ.

ವಸ್ತು ಸಂಗ್ರಹಾಲಯಗಳವರು ಇದರೊಂದಿಗೆ ಬಹಳ ಹೆಣಗಿದ್ದಾರೆ. 1960ರ ದಶಕದಲ್ಲಿ ಇಟಲಿಯ ಕಲಾವಿದ ಪಿಯೆರೊ ಜಿಲಾರ್ದಿ ಫೋಮ್‌ನಲ್ಲಿ ಕೆತ್ತಿ ಮಾಡಿದ ‘ಪ್ರಕೃತಿಯ ಜಮಖಾನೆ’ಗಳಂತಹ ಕೃತಿಗಳು ಉದುರತೊಡಗಿದಾಗ, ನೆದರ್ಲೆಂಡ್ಸ್‌ನ ಸಂರಕ್ಷಣಾ ವಿಜ್ಞಾನಿ ಥೇಯಾ ವಾನ್ ಊಸ್ಟನ್ ಮತ್ತು ಸಹೋದ್ಯೋಗಿಗಳು ಪಾಲಿಯುರಿಥೇನ್ ದ್ರಾವಣವನ್ನು ನೇರಳಾತೀತ ನಿರೋಧಕದೊಂದಿಗೆ ಮಂಜಿನಂತೆ ಸಿಂಪಡಿಸಿ ಕಡ್ಡಿಗಳಿಗೆ ಬಲ ಕೊಡುವ ವಿಧಾನವನ್ನು ರೂಪಿಸಿದರು. ಅದು ಮುಂದಿನ ಕ್ಷಯವನ್ನು ತಡೆಹಿಡಿಯುವ ಉಪಾಯವೇ ಹೊರತು ಹೋದದ್ದನ್ನು ಮರಳಿ ತರುವ ಮದ್ದಲ್ಲ, ಮನೆಯ ಹಾಸಿಗೆಗಂತೂ ಕೈಗೆಟುಕುವಂತಹದ್ದಲ್ಲ.

ನೆರಳು ಮತ್ತು ಹೊದಿಕೆ

ಉದ್ಯಮದ ಬಳಿ ಪರಿಹಾರಗಳಿಲ್ಲವೆಂದಲ್ಲ. ಬೆಂಜೀನ್ ಉಂಗುರವಿಲ್ಲದ ಅಲಿಫ್ಯಾಟಿಕ್ ಜಾತಿಯ ಐಸೊಸೈನೇಟ್ ಬಳಸಿದರೆ ಹಳದಿಯಾಗುವುದು ಬಹುಮಟ್ಟಿಗೆ ನಿಲ್ಲುತ್ತದೆ, ಆದರೆ ಅದರ ಬೆಲೆ ಹಾಸಿಗೆಯ ಮಾರುಕಟ್ಟೆಗೆ ನಿಲುಕುವುದಿಲ್ಲ. ಅದು ಹೊರಾಂಗಣದ ಬಣ್ಣಗಳಿಗೂ ವಿಮಾನಗಳ ಮೇಲ್ಲೇಪನಕ್ಕೂ ಸಲ್ಲುತ್ತದೆ. ನೇರಳಾತೀತ ಬೆಳಕನ್ನು ತಾನೇ ಹೀರಿ ಬಿಸಿಯಾಗಿ ಹೊರಗೆ ಬಿಡುವ ಬೆಂಜೋಟ್ರಯಜೋಲ್‌ಗಳು, ಹುಟ್ಟಿದ ರ‍್ಯಾಡಿಕಲ್‌ಗಳನ್ನು ಹಿಡಿದು ಸುಮ್ಮನಾಗಿಸುವ ಅಮೈನ್‌ಗಳು, ಬೆಳಕನ್ನು ಮೇಲ್ಮೈಯಲ್ಲೇ ತಡೆಯುವ ಕಾಡಿಗೆಯಂತಹ ಇಂಗಾಲದ ಪುಡಿ ಇವೆಲ್ಲ ಬಳಕೆಯಲ್ಲಿವೆ. ಅವು ಕೇಡನ್ನು ಮುಂದೂಡುತ್ತವೆ, ತಪ್ಪಿಸುವುದಿಲ್ಲ.

ತಗಡಿನ ಮಾಡಿಗೆ ತಂಪಾಗಲೆಂದು ಪಫ್ ಸಿಂಪಡಿಸಿಕೊಂಡವರಿಗೆ ಒಂದು ಮಾತು ಮುಖ್ಯ. ಗಟ್ಟಿ ಫೋಮ್‌ನಲ್ಲಿ ನೇರಳಾತೀತ ಕಿರಣ ಆಳಕ್ಕಿಳಿಯದೆ ತೆಳು ಮೇಲುಪದರವನ್ನಷ್ಟೇ ಪುಡಿ ಮಾಡುತ್ತದೆ, ಆ ಪುಡಿಯೇ ಒಳಗಿನದಕ್ಕೆ ನೆರಳಾಗುತ್ತದೆ. ಆದರೆ ಮುಂಗಾರಿನ ಗಾಳಿಮಳೆ ಆ ಪುಡಿಯನ್ನು ತೊಳೆದು ಹೊಸ ಮೈಯನ್ನು ಬಿಸಿಲಿಗೆ ಒಡ್ಡುತ್ತದೆ, ವರ್ಷ ವರ್ಷವೂ ಇದು ನಡೆಯುತ್ತದೆ. ಸಿಂಪಡಿಸಿದ ಕೂಡಲೇ ಅಕ್ರಿಲಿಕ್ ಅಥವಾ ಸಿಲಿಕೋನ್ ಲೇಪನ ಬಳಿಸದೆ ಬಿಟ್ಟರೆ ಹಾಕಿದ ಹಣ ಮಳೆನೀರಿನ ಜತೆ ಹೋಗುತ್ತದೆ.

ಮನೆಯ ಹಾಸಿಗೆಗೆ ಇಷ್ಟೊಂದು ರಸಾಯನ ಬೇಕಿಲ್ಲ. ಮೇಲುಚೀಲವನ್ನು ಒಗೆಯುವ ದಿನ ಫೋಮನ್ನು ಮಾಳಿಗೆಗೆ ಒಯ್ಯದೆ, ಪಡಸಾಲೆಯಲ್ಲೋ ಗಾಳಿಯಾಡುವ ಕೋಣೆಯಲ್ಲೋ ಗೋಡೆಗೆ ಒರಗಿಸಿ ನೆರಳಿನಲ್ಲಿ ಆರಿಸಿದರೆ ಸಾಕು. ಹೊರಗೇ ಹಾಕಬೇಕೆಂದಿದ್ದರೆ ಮೇಲೊಂದು ದಪ್ಪ ಕೌದಿ ಹೊದಿಸಬೇಕು. ಸ್ಕೂಟರಿನ ಸೀಟು ಹರಿದ ವಾರದಲ್ಲೇ ಹೊಲಿಸಿದರೆ ಒಳಗಿನ ಫೋಮ್ ಉಳಿಯುತ್ತದೆ, ಹರಿದದ್ದು ಅಂಗೈಯಗಲವಾಗುವವರೆಗೆ ಕಾದರೆ ಫೋಮನ್ನೂ ಬದಲಿಸಬೇಕಾಗುತ್ತದೆ. ಖಾನಾಪುರದ ಕಡೆಯವರು ಮಳೆಗಾಲದಲ್ಲಿ ಫೋಮನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿದು ಕಟ್ಟದೆ, ನೆಲಕ್ಕೆ ತಾಗದಂತೆ ಮಂಚದ ಮೇಲಿಟ್ಟು ಗಾಳಿಯಾಡಲು ಬಿಡುವುದು ಲೇಸು. ಒಳಗೆ ಸಿಕ್ಕಿಬಿದ್ದ ತೇವಕ್ಕಿಂತ ಆಡುವ ಗಾಳಿಯ ತೇವ ಕಡಿಮೆ ಕೆಟ್ಟದ್ದು.

ಪುಡಿಯಾದ ಫೋಮನ್ನು ಮಾತ್ರ ಹಿತ್ತಲಿನಲ್ಲಿ ಸುಡಬಾರದು. ಸಾರಜನಕವಿರುವ ಈ ವಸ್ತು ಉರಿದಾಗ ಇಂಗಾಲದ ಮೊನಾಕ್ಸೈಡಿನ ಜತೆಗೆ ಹೈಡ್ರೋಜನ್ ಸಯನೈಡ್ ಎಂಬ ಮಾರಕ ಅನಿಲವೂ ಹೊರಬರುತ್ತದೆ. ಅದನ್ನು ಚೀಲದಲ್ಲಿ ಕಟ್ಟಿ ಪಾಲಿಕೆಯ ಒಣ ಕಸದ ಗಾಡಿಗೆ ಕೊಡುವುದೇ ಸರಿಯಾದ ದಾರಿ.

ಕೊಳ್ಳುವವರ ಎಚ್ಚರಕ್ಕೂ ಒಂದು ಮಿತಿಯಿದೆ. ಹಾಸಿಗೆಯ ಚೀಟಿಯ ಮೇಲೆ ಅಳತೆ, ಬೆಲೆ, ವಾರಂಟಿಯ ವರ್ಷಗಳು ದಪ್ಪಕ್ಷರದಲ್ಲಿರುತ್ತವೆ, ಒಳಗಿರುವ ಫೋಮ್ ಪಾಲಿಈಥರಿನದೋ ಪಾಲಿಎಸ್ಟರಿನದೋ ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಹಾಸಿಗೆ ಮತ್ತು ಪಾದರಕ್ಷೆ ತಯಾರಿಸುವವರು ಆ ಒಂದು ಪದವನ್ನೂ, ‘ಬರಿಯ ಫೋಮನ್ನು ಬಿಸಿಲಿಗೆ ಹಾಕಬೇಡಿ’ ಎಂಬ ಒಂದು ಸಾಲನ್ನೂ ಕನ್ನಡದಲ್ಲಿ ಚೀಟಿಯ ಮೇಲೆ ಅಚ್ಚು ಹಾಕಿಸಬೇಕು. ಅಲ್ಲಿಯವರೆಗೆ ಅಂಗಡಿಯಲ್ಲಿ ಆ ಪ್ರಶ್ನೆಯನ್ನು ಗಿರಾಕಿಗಳೇ ಕೇಳಬೇಕು.